ಬೆಳೆಯೇ ಕಳೆಯಾದಾಗ: ಕಳೆನಾಶಕಕ್ಕೆ ಬಗ್ಗದ ಗಿಡಗಳ ಹತೋಟಿ



ಕಾಫಿ ಕೊಯ್ಲು ಮುಗಿದು, ಕಣ ಗುಡಿಸಿ, ಮಳೆ ಹಿಡಿದ ಮೇಲೆ ಕಣದ ಅಂಚಿನಲ್ಲೂ ಗಿಡಗಳ ಬುಡದಲ್ಲೂ ಕಾಫಿಯ ಸಸಿಗಳು ತಾವಾಗಿಯೇ ಏಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಡಿಕೆ ತೋಟದಲ್ಲಿ ಉದುರಿ ಉಳಿದ ಗೋಟು ಮೊಳೆತು ಸಸಿಯಾಗುತ್ತದೆ. ಸಿಲ್ವರ್ ಓಕಿನ ಬೀಜ ಗಾಳಿಗೆ ಹಾರಿ ಬೇಡವಾದ ಕಡೆ ಮರಿ ಹಾಕುತ್ತದೆ. ಅರೇಬಿಕ ತಾಕಿನೊಳಗೆ ರೊಬಸ್ಟ ಸಸಿ ಎದ್ದರೆ ಅದು ಕಾಫಿಯೇ ಆದರೂ ನಾವು ಕಿತ್ತು ಬಿಸಾಡುತ್ತೇವೆ. ನೆಟ್ಟ ಕಡೆ ಇದ್ದರೆ ಬೆಳೆ, ಬಿದ್ದ ಕಡೆ ಎದ್ದರೆ ಕಳೆ. ಕಳೆ ಎಂಬುದು ಗಿಡದ ಜಾತಿಯಲ್ಲ, ಅದು ನಿಂತ ಜಾಗದ ಮಾತು.

ಹೀಗೆ ತಾನಾಗಿ ಹುಟ್ಟಿದ ಸಸಿಯನ್ನು ಕೀಳುವುದು ನಮಗೆ ದೊಡ್ಡ ಕೆಲಸವಲ್ಲ. ಆದರೆ ಆ ಸಸಿಗೆ ನಾವು ದಿನವೂ ನಂಬಿರುವ ಕಳೆನಾಶಕ ತಾಗದಂತಿದ್ದರೆ? ಪರದೇಶದ ಬಯಲು ಸೀಮೆಯ ರೈತರು ಈ ತೊಂದರೆಯನ್ನು ಸುಮಾರು ಮೂವತ್ತು ವರ್ಷಗಳಿಂದ ಅನುಭವಿಸುತ್ತಿದ್ದಾರೆ. ಆಳುಗಳ ಅಭಾವದಿಂದ ಕಳೆನಾಶಕದ ಡಬ್ಬಿಗೆ ಹೆಚ್ಚು ಹೆಚ್ಚಾಗಿ ಕೈಚಾಚುತ್ತಿರುವ ನಾವು ಅವರ ಅನುಭವವನ್ನು ತಿಳಿದಿರುವುದು ಲೇಸು. ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಇದೇ ವಿಷಯವನ್ನು ತೆಗೆದುಕೊಂಡಿದ್ದೇವೆ.

ಕಳೆನಾಶಕ ನಿರೋಧಕ ಬೆಳೆ ಎಂದರೇನು?

ಗ್ಲೈಫೋಸೇಟ್ ಎಂಬ ಕಳೆನಾಶಕ ಹಸುರು ಎಲೆಯ ಮೂಲಕ ಒಳಗಿಳಿದು, ಗಿಡದ ಬೆಳವಣಿಗೆಗೆ ಅವಶ್ಯವಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸುವ ಒಂದು ಕಿಣ್ವವನ್ನು ತಡೆಹಿಡಿಯುತ್ತದೆ. ಗಿಡ ಒಳಗಿಂದೊಳಗೇ ಸೊರಗಿ ಸಾಯುತ್ತದೆ. ಈ ಔಷಧಿಗೆ ಬೆಳೆ ಯಾವುದು, ಕಳೆ ಯಾವುದು ಎಂಬ ಭೇದವಿಲ್ಲ.

ಮಣ್ಣಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದಲ್ಲಿ ಇದೇ ಕೆಲಸ ಮಾಡುವ, ಆದರೆ ಗ್ಲೈಫೋಸೇಟಿಗೆ ಸಿಕ್ಕಿಬೀಳದ ಕಿಣ್ವವಿದೆ. ಅದರ ವಂಶವಾಹಿಯನ್ನು ವಿಜ್ಞಾನಿಗಳು ಬೆಳೆಯ ಗಿಡಕ್ಕೆ ಸೇರಿಸಿದರು. ಹೀಗೆ ಬೇರೆ ಜೀವಿಯ ವಂಶವಾಹಿಯನ್ನು ಪಡೆದ ಬೆಳೆಯನ್ನು ಕುಲಾಂತರಿ ಬೆಳೆ ಎನ್ನುತ್ತೇವೆ. ಹೊಲದ ತುಂಬ ಔಷಧಿ ಹೊಡೆದರೂ ಬೆಳೆ ನಿಲ್ಲುತ್ತದೆ, ಸುತ್ತಲಿನ ಕಳೆ ಸಾಯುತ್ತದೆ. ಗ್ಲುಫೋಸಿನೇಟ್ ಎಂಬ ಇನ್ನೊಂದು ಕಳೆನಾಶಕವನ್ನು ತಡೆಯುವ ಬೆಳೆಗಳನ್ನೂ ಇದೇ ಬಗೆಯಲ್ಲಿ ಮಾಡಿದ್ದಾರೆ. ರೈತನಿಗೆ ಇದರಿಂದ ಕೆಲಸ ಹಗುರವಾದದ್ದು ನಿಜ. ತೊಂದರೆ ಪ್ರಾರಂಭವಾಗುವುದು ಕೊಯ್ಲಿನ ದಿನ, ಬೀಜ ನೆಲಕ್ಕೆ ಉದುರಿದಾಗ.

ಕೆನಡಾ ದೇಶದ ಕನೋಲ

ಕೆನಡಾದ ಪಶ್ಚಿಮದ ಬಯಲು ಪ್ರಾಂತಗಳಲ್ಲಿ ಕನೋಲ ಎಂಬ ಎಣ್ಣೆಬೀಜವನ್ನು ವಿಸ್ತಾರವಾಗಿ ಬೆಳೆಯುತ್ತಾರೆ. ಇದು ನಮ್ಮ ಸಾಸಿವೆಯ ಹತ್ತಿರದ ನೆಂಟ. ಅದೇ ಹಳದಿ ಹೂವು, ಅದೇ ಬಗೆಯ ಸಣ್ಣ ಬೀಜ. ಕಳೆನಾಶಕ ನಿರೋಧಕ ಕನೋಲ ತಳಿಗಳು ಅಲ್ಲಿ 1995-96ರಿಂದ ರೈತರ ಹೊಲಕ್ಕೆ ಬಂದವು. ಒಂದು ತಳಿ ಗ್ಲೈಫೋಸೇಟಿಗೆ, ಮತ್ತೊಂದು ಗ್ಲುಫೋಸಿನೇಟಿಗೆ, ಮೂರನೆಯದು ಇಮಿಡಾಜೋಲಿನೋನ್ ಎಂಬ ಗುಂಪಿನ ಔಷಧಿಗಳಿಗೆ ಬಗ್ಗುವುದಿಲ್ಲ. ಈ ಮೂರನೆಯದು ಕುಲಾಂತರಿಯಲ್ಲ. ಗಿಡದ ಸ್ವಂತ ವಂಶವಾಹಿಯಲ್ಲಿ ಆದ ಮಾರ್ಪಾಟಿನಿಂದ ದೊರೆತ ತಳಿ.

ಕನೋಲದ ಕಾಯಿ ಒಣಗಿದೊಡನೆ ಸಿಡಿದು ಬೀಜ ಚೆಲ್ಲುತ್ತದೆ. ಕೊಯ್ಲಿನ ಯಂತ್ರದ ಹಿಂಬದಿಯಿಂದಲೂ ಹೊಟ್ಟಿನ ಜೊತೆ ಬೀಜ ಹೋಗುತ್ತದೆ. ಸಸ್ಕಾಚೆವಾನ್ ಪ್ರಾಂತದಲ್ಲಿ ರೈತರ ಹೊಲಗಳಲ್ಲೇ ಅಳೆದು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕೊಯ್ಲಿನಲ್ಲಿ ನಷ್ಟವಾಗುವ ಬೀಜ ಸರಾಸರಿ ಹೆಕ್ಟೇರಿಗೆ 107 ಕಿಲೋ, ಅಂದರೆ ಎಕರೆಗೆ ಸುಮಾರು 43 ಕಿಲೋ. ಇಳುವರಿಯ ನೂರಕ್ಕೆ 5.9 ಭಾಗ. ಒಂದು ಚದರ ಮೀಟರ್ ನೆಲದಲ್ಲಿ ಮೊಳೆಯಬಲ್ಲ ಸುಮಾರು 3,000 ಬೀಜಗಳು! ರೈತ ಬಿತ್ತನೆಗೆ ಬಳಸುವ ಬೀಜದ ಸುಮಾರು 20 ಪಟ್ಟು ಬೀಜ ಅವನಿಗೆ ತಿಳಿಯದಂತೆಯೇ ಅವನ ಹೊಲದಲ್ಲಿ ಬಿತ್ತನೆಯಾಗಿರುತ್ತದೆ.

ಇದರಲ್ಲಿ ಬಹುಪಾಲು ಮೊದಲ ಚಳಿಗಾಲದಲ್ಲೇ ಸಾಯುತ್ತದೆ. ಆದರೆ ಮಣ್ಣಿನೊಳಗೆ ಹೂತುಹೋದ ಬೀಜ ಕತ್ತಲೆಯಲ್ಲಿ, ತೇವ ಸಾಲದ ಸ್ಥಿತಿಯಲ್ಲಿ, ಸುಪ್ತಾವಸ್ಥೆಗೆ ಹೋಗಿ ವರ್ಷಗಟ್ಟಲೆ ಕಾಯುತ್ತದೆ. ಸ್ವೀಡನ್ ದೇಶದಲ್ಲಿ ಕುಲಾಂತರಿ ತಳಿಯ ಒಂದು ಪ್ರಯೋಗ ಮುಗಿದು 10 ವರ್ಷಗಳಾದ ಮೇಲೂ ಅದೇ ತಾಕಿನಲ್ಲಿ ಆ ತಳಿಯ ಸಸಿಗಳು ಎದ್ದಿದ್ದನ್ನು ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಒಂದು ದಿನದ ಅಜಾಗ್ರತೆಗೆ ಹತ್ತು ವರ್ಷದ ಕಳೆ ಎಂದಾಯಿತು.

1998ರಲ್ಲಿ ಒಂದು ಹೊಲದಲ್ಲಿ ಕಂಡದ್ದು

ಆಲ್ಬರ್ಟಾ ಪ್ರಾಂತದ ಉತ್ತರ ಭಾಗದ ಒಂದು ಹೊಲದಲ್ಲಿ 1998ರಲ್ಲಿ ತಾನಾಗಿ ಎದ್ದ ಕನೋಲ ಗಿಡಗಳು ಎಷ್ಟು ಸಲ ಗ್ಲೈಫೋಸೇಟ್ ಹೊಡೆದರೂ ಸಾಯಲಿಲ್ಲ. ಆಶ್ಚರ್ಯವೆಂದರೆ, ಹಿಂದಿನ ವರ್ಷ ಆ ಹೊಲದಲ್ಲಿ ಬಿತ್ತಿದ್ದು ಗ್ಲುಫೋಸಿನೇಟ್ ಮತ್ತು ಇಮಿಡಾಜೋಲಿನೋನ್ ತಡೆಯುವ ತಳಿಗಳನ್ನು. ಗ್ಲೈಫೋಸೇಟ್ ತಡೆಯುವ ತಳಿ ಇದ್ದದ್ದು ಪಕ್ಕದ ಹೊಲದಲ್ಲಿ.

ಸಂಶೋಧಕರು 34 ಗಿಡಗಳಿಂದ ಬೀಜ ತಂದು ಸಸಿ ಎಬ್ಬಿಸಿ ಔಷಧಿ ಹೊಡೆದು ಪರೀಕ್ಷಿಸಿದರು. 15 ಗಿಡಗಳ ಸಸಿಗಳಲ್ಲಿ ಮುಕ್ಕಾಲಿನಷ್ಟು ಗ್ಲೈಫೋಸೇಟಿಗೆ ಜಗ್ಗಲಿಲ್ಲ. ಇಂಥ ಗಿಡಗಳು ಹೆಚ್ಚಾಗಿ ಇದ್ದದ್ದು ಪಕ್ಕದ ಹೊಲಕ್ಕೆ ಹತ್ತಿರದಲ್ಲಿ. ಆದರೂ ಒಂದು ಗಿಡ 500 ಮೀಟರ್ ದೂರದಲ್ಲಿತ್ತು. ಪರೀಕ್ಷಿಸಿದ 924 ಸಸಿಗಳಲ್ಲಿ ಎರಡು ಸಸಿಗಳು ಮೂರೂ ಬಗೆಯ ಕಳೆನಾಶಕಗಳನ್ನು ತಡೆದುಕೊಂಡವು.

ಇಂಥ ಮೂರು ಬಲಗಳ ಬೀಜವನ್ನು ಯಾವ ಕಂಪನಿಯೂ ಮಾರಿರಲಿಲ್ಲ, ಯಾವ ರೈತನೂ ಬಿತ್ತಿರಲಿಲ್ಲ. ಗಾಳಿಯೂ ಜೇನೂ ಸೇರಿ ಪರಾಗವನ್ನು ಬೇಲಿ ದಾಟಿಸಿ ಎರಡೇ ಬೆಳೆಗಳ ಅವಧಿಯಲ್ಲಿ ಅದನ್ನು ತಯಾರಿಸಿದ್ದವು. ನಮ್ಮ ಬೇಲಿ ದನವನ್ನು ತಡೆಯುತ್ತದೆ, ಪರಾಗವನ್ನು ತಡೆಯುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಹೊಲ ಬಿಟ್ಟು ಹೊರಬಿದ್ದ ಗಿಡ

ಜಪಾನ್ ದೇಶದಲ್ಲಿ ಕುಲಾಂತರಿ ಕನೋಲವನ್ನು ವ್ಯವಸಾಯಕ್ಕೆ ಬೆಳೆಯುವುದಿಲ್ಲ. ಎಣ್ಣೆ ತೆಗೆಯಲು ಬೀಜವನ್ನು ಹಡಗಿನಲ್ಲಿ ತರಿಸುತ್ತಾರೆ. ಆದರೂ ಬಂದರಿನ ಸುತ್ತ ಮತ್ತು ಲಾರಿಗಳು ಓಡಾಡುವ ರಸ್ತೆ ಬದಿಯಲ್ಲಿ ಕಳೆನಾಶಕ ನಿರೋಧಕ ಗಿಡಗಳು ಎದ್ದಿದ್ದನ್ನು ಅಲ್ಲಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದರು. ಅಮೆರಿಕದ ಉತ್ತರ ಡಕೋಟಾ ರಾಜ್ಯದಲ್ಲಿ 2010ರಲ್ಲಿ ರಸ್ತೆ ಬದಿಯ 634 ಜಾಗಗಳನ್ನು ನೋಡಿದಾಗ 288 ಕಡೆ ಕನೋಲ ಸಿಕ್ಕಿತು. ಅವುಗಳಲ್ಲಿ ನೂರಕ್ಕೆ 80ರಷ್ಟು ಕುಲಾಂತರಿ. ಎರಡು ಗಿಡಗಳಲ್ಲಂತೂ ಎರಡು ಬೇರೆ ಬೇರೆ ತಳಿಗಳ ನಿರೋಧಕ ಗುಣಗಳು ಒಟ್ಟಿಗೆ ಸೇರಿದ್ದವು. ಲಾರಿಯಿಂದ ಚೆಲ್ಲಿದ ಒಂದು ಹಿಡಿ ಬೀಜ ಸಾಕು ಎಂದಾಯಿತು.

ಕನೋಲ ಒಂದೇ ವರ್ಷ ಬಾಳುವ ಗಿಡ. ನಮ್ಮ ತೋಟಗಳ ಹಾಗೆ ವರ್ಷಗಟ್ಟಲೆ ಉಳುಮೆ ಇಲ್ಲದ ನೆಲದಲ್ಲಿ ಬಹುವಾರ್ಷಿಕ ಹುಲ್ಲು ಬಿದ್ದರೆ ಸ್ಥಿತಿ ಇನ್ನೂ ಕಠಿಣ. ಗಾಲ್ಫ್ ಮೈದಾನಕ್ಕೆಂದು ತಯಾರಿಸಿದ ಗ್ಲೈಫೋಸೇಟ್ ನಿರೋಧಕ ಬೆಂಟ್‌ಗ್ರಾಸ್ ಹುಲ್ಲನ್ನು ಅಮೆರಿಕದ ಆರಿಗನ್ ರಾಜ್ಯದಲ್ಲಿ ಪ್ರಯೋಗಕ್ಕಾಗಿ ಬೆಳೆದಿದ್ದರು. 2003ರಲ್ಲಿ ಅದರ ಪರಾಗ 21 ಕಿಲೋಮೀಟರ್ ದೂರದವರೆಗೆ ಹೋಗಿದ್ದು ದೃಢಪಟ್ಟಿತು. 2010ರಲ್ಲಿ ಅದೇ ರಾಜ್ಯದ ಪೂರ್ವ ಅಂಚಿನ ನೀರಾವರಿ ಕಾಲುವೆಗಳ ಬದಿಯಲ್ಲಿ ಈ ಹುಲ್ಲು ನೆಲೆಯೂರಿದ್ದು ಕಂಡುಬಂತು. ಬೀಜದಿಂದಲೂ ಹಬ್ಬುತ್ತದೆ, ಬಳ್ಳಿಯ ಗಿಣ್ಣಿನಿಂದಲೂ ಬೇರು ಬಿಡುತ್ತದೆ. ಅದನ್ನು ಪೂರ್ತಿ ನಿರ್ಮೂಲ ಮಾಡಲು ಈವರೆಗೂ ಸಾಧ್ಯವಾಗಿಲ್ಲ.

ಹತೋಟಿಯ ಕ್ರಮಗಳು

ಇಷ್ಟು ಹೇಳಿದ ಮಾತ್ರಕ್ಕೆ ಇಂಥ ಗಿಡವನ್ನು ಸಾಯದ ರಾಕ್ಷಸನೆಂದು ಯಾರೂ ಭಾವಿಸಬಾರದು. ಅದಕ್ಕೆ ತಾಗದಿರುವುದು ಒಂದೋ ಎರಡೋ ಔಷಧಿ ಮಾತ್ರ. ಬೇರೆ ಔಷಧಿಗೆ, ನೇಗಿಲಿಗೆ, ಗುದ್ದಲಿಗೆ, ಕತ್ತಿಗೆ ಅದು ಬೇರೆ ಗಿಡಗಳಂತೆಯೇ ಬಗ್ಗುತ್ತದೆ. ಔಷಧಿ ಹೊಡೆಯದ ಜಾಗದಲ್ಲಿ ಆ ಗುಣದಿಂದ ಅದಕ್ಕೆ ವಿಶೇಷ ಲಾಭವೂ ಇಲ್ಲ. ಅನುಭವದಿಂದ ಅಲ್ಲಿನವರು ಕಲಿತ ಕ್ರಮಗಳು ಹೀಗಿವೆ:

1. ಬೀಜ ಉದುರದಂತೆ ನೋಡಿಕೊಳ್ಳುವುದು. ಸಕಾಲದಲ್ಲಿ ಕೊಯ್ಲು ಮಾಡಿ, ಯಂತ್ರದ ವೇಗವನ್ನೂ ಗಾಳಿಯನ್ನೂ ಸರಿಪಡಿಸಿ ನಷ್ಟ ತಗ್ಗಿಸಬೇಕು. ಉಳಿದ ಎಲ್ಲ ಕ್ರಮಗಳಿಗಿಂತ ಇದು ಅಗ್ಗ.

2. ಉದುರಿದ ಬೀಜವನ್ನು ಕೂಡಲೇ ಮಣ್ಣಿನಡಿ ಹೂಳದಿರುವುದು. ಕೊಯ್ಲಾದೊಡನೆ ಉತ್ತರೆ ಬೀಜ ಕತ್ತಲೆಗೆ ಸೇರಿ ನಿದ್ರೆ ಹೋಗುತ್ತದೆ. ಕೆಲವು ವಾರ ಮೇಲೆಯೇ ಬಿಟ್ಟರೆ ಹಕ್ಕಿ, ಇರುವೆ, ಬಿಸಿಲು, ಮಳೆ ಎಲ್ಲವೂ ಸೇರಿ ಬಹುಪಾಲನ್ನು ಮುಗಿಸುತ್ತವೆ. ಮೊಳೆತದ್ದನ್ನು ಆಮೇಲೆ ಕೊಂದರಾಯಿತು. ಯೂರೋಪಿನ ಸಂಶೋಧಕರು ಈ ಕ್ರಮವನ್ನು ಬಹಳವಾಗಿ ಒತ್ತಿ ಹೇಳಿದ್ದಾರೆ.

3. ಎಳೆಯದಾಗಿರುವಾಗಲೇ ಕೊಲ್ಲುವುದು. ಎರಡರಿಂದ ನಾಲ್ಕು ಎಲೆಯ ಸಸಿ ಸುಲಭವಾಗಿ ಸಾಯುತ್ತದೆ. ಹೂ ಬರಲು ಬಿಟ್ಟರೆ ಪರಾಗ ಹೊರಟಿತು. ಕಾಯಿ ಬಲಿಯಲು ಬಿಟ್ಟರೆ ಬೀಜ ಮತ್ತೆ ನೆಲ ಸೇರಿತು.

4. ಬೇರೆ ಬಗೆಯ ಔಷಧಿಯನ್ನು ಜೊತೆಗೂಡಿಸುವುದು. ಬಿತ್ತನೆಗೆ ಮುಂಚೆ ಗ್ಲೈಫೋಸೇಟ್ ಒಂದನ್ನೇ ಹೊಡೆಯುತ್ತಿದ್ದ ರೈತರು ಅದರೊಂದಿಗೆ 2,4-ಡಿ ಅಥವಾ ಎಂ.ಸಿ.ಪಿ.ಎ. ಬಳಸಬೇಕಾಯಿತು. ಮುಂದಿನ ಬೆಳೆ ಗೋಧಿ ಅಥವಾ ಬಾರ್ಲಿಯಾದರೆ ಇದು ಸುಲಭ. ಚನ್ನಂಗಿ, ಬಟಾಣಿಗಳಾದರೆ ಬೆಳೆಯನ್ನು ಉಳಿಸಿ ಕನೋಲವನ್ನು ಮಾತ್ರ ಕೊಲ್ಲುವ ಔಷಧಿ ಬಹಳ ಕಡಿಮೆ.

5. ಬೆಳೆ ಸರದಿ. ಪ್ರತಿವರ್ಷ ಅದೇ ಬೆಳೆ, ಅದೇ ಔಷಧಿ ಕೂಡದು. ಅಮೆರಿಕದಲ್ಲಿ ಗ್ಲೈಫೋಸೇಟ್ ನಿರೋಧಕ ಮೆಕ್ಕೆಜೋಳದ ನಂತರ ಗ್ಲೈಫೋಸೇಟ್ ನಿರೋಧಕ ಸೋಯಾವನ್ನೇ ಬಿತ್ತಿದ ರೈತರಿಗೆ ಸೋಯಾ ನಡುವೆ ಎದ್ದ ಜೋಳವೇ ಕಳೆಯಾಗಿ, ಹುಲ್ಲಿನ ಜಾತಿಯನ್ನು ಮಾತ್ರ ಕೊಲ್ಲುವ ಬೇರೆ ಔಷಧಿಗೆ ಮತ್ತೆ ಹಣ ಸುರಿಯಬೇಕಾಯಿತು.

6. ನೆರೆಯವರೊಡನೆ ಮಾತುಕತೆ. ಬೇರೆ ಬೇರೆ ನಿರೋಧಕ ತಳಿಗಳನ್ನು ಅಕ್ಕಪಕ್ಕದಲ್ಲಿ ಬಿತ್ತದೆ ಅಂತರ ಬಿಡುವುದು. ಆಲ್ಬರ್ಟಾದ ಹೊಲದಲ್ಲಿ ಈ ಮಾತುಕತೆ ನಡೆದಿದ್ದರೆ ಕಥೆ ಬೇರೆಯಾಗುತ್ತಿತ್ತು.

7. ಶುಚಿತ್ವ. ಯಂತ್ರವನ್ನು ಒಂದು ಹೊಲದಿಂದ ಇನ್ನೊಂದಕ್ಕೆ ಒಯ್ಯುವ ಮೊದಲು ಗುಡಿಸುವುದು, ಲಾರಿಗೆ ತಾಡಪಾಲು ಮುಚ್ಚುವುದು, ದೃಢೀಕೃತ ಬೀಜವನ್ನೇ ಕೊಳ್ಳುವುದು, ರಸ್ತೆ ಬದಿ ಮತ್ತು ಕಾಲುವೆ ಬದಿಯಲ್ಲಿ ಎದ್ದದ್ದನ್ನು ಕೈಯಿಂದ ಕೀಳುವುದು.

ಕಿತ್ತ ಕೂಲಿ ಯಾರದು?

ನೆರೆಯವನ ಹೊಲದಿಂದ ಬಂದ ಕಳೆಯನ್ನು ಕೀಳುವ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಯೂ ಎದ್ದಿದೆ. ಸಸ್ಕಾಚೆವಾನಿನ ರೈತ ಪರ್ಸಿ ಶ್ಮೈಸರ್ ಅವರ ವ್ಯಾಜ್ಯ ಲೋಕಕ್ಕೆ ತಿಳಿದದ್ದು. ಅವರ ಹೊಲದ ನಿರೋಧಕ ಕನೋಲದ ವಿಷಯವಾಗಿ ಮೊನ್ಸಾಂಟೊ ಕಂಪನಿ ಹೂಡಿದ ದಾವೆಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಪೇಟೆಂಟ್ ಉಲ್ಲಂಘನೆಯಾಗಿದೆ ಎಂದಿತು; ಆದರೆ ಅವರು ಕಂಪನಿಗೆ ಹಣ ಕೊಡಬೇಕಿಲ್ಲವೆಂದೂ ಹೇಳಿತು. ಮುಂದೆ 2005ರಲ್ಲಿ ಅವರ ಜಮೀನಿನಲ್ಲಿ ಪುನಃ ಅಂಥ ಗಿಡಗಳು ಎದ್ದಾಗ ಅವರು ಕೀಳಿಸಿ ಕಂಪನಿಗೆ ಲೆಕ್ಕ ಕಳಿಸಿದರು. 2008ರಲ್ಲಿ ಕಂಪನಿ ಆ ಬಾಬ್ತು 660 ಡಾಲರ್ ಕೊಟ್ಟಿತು. ಮೊತ್ತ ಸಣ್ಣದು. ಆದರೆ ಆ ಕೂಲಿ ಕೈಸೇರಲು ಒಬ್ಬ ರೈತ ಎಷ್ಟು ವರ್ಷ ಕಾಯಬೇಕಾಯಿತು ಎಂಬುದನ್ನು ಯೋಚಿಸಬೇಕು.

ನಮಗೂ ಇದಕ್ಕೂ ಏನು ಸಂಬಂಧ?

ನಮ್ಮ ದೇಶದಲ್ಲಿ ರೈತರು ವ್ಯಾಪಕವಾಗಿ ಬೆಳೆಯುತ್ತಿರುವ ಅನುಮತಿ ಪಡೆದ ಕುಲಾಂತರಿ ಬೆಳೆಯೆಂದರೆ 2002ರಲ್ಲಿ ಒಪ್ಪಿಗೆ ದೊರೆತ ಬಿ.ಟಿ. ಹತ್ತಿ. ಅದರ ಗುಣ ಕಾಯಿಕೊರಕವನ್ನು ತಡೆಯುವುದು, ಕಳೆನಾಶಕವನ್ನಲ್ಲ. ಕಳೆನಾಶಕ ತಡೆಯುವ ಹತ್ತಿಯ ಬೀಜ ಅನುಮತಿಯಿಲ್ಲದೆ ಕೆಲವು ರಾಜ್ಯಗಳಲ್ಲಿ ಬಿತ್ತನೆಯಾಗಿರುವುದು 2017ರ ಸುಮಾರಿಗೆ ಬೆಳಕಿಗೆ ಬಂತು. ಗ್ಲುಫೋಸಿನೇಟ್ ತಡೆಯುವ ವಂಶವಾಹಿಯನ್ನೂ ಹೊಂದಿರುವ ಡಿ.ಎಂ.ಎಚ್.-11 ಎಂಬ ಸಾಸಿವೆ ತಳಿಗೆ 2022ರಲ್ಲಿ ಕೇಂದ್ರ ಸರ್ಕಾರ ಷರತ್ತುಗಳೊಡನೆ ಒಪ್ಪಿಗೆ ಕೊಟ್ಟಿತು. 2024ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಈ ವಿಷಯದಲ್ಲಿ ಭಿನ್ನ ತೀರ್ಪು ನೀಡಿದರು.

ಕಾಫಿ, ಅಡಿಕೆ, ಮೆಣಸುಗಳಲ್ಲಿ ನಾವು ಬೆಳೆಯುವ ಕುಲಾಂತರಿ ತಳಿ ಯಾವುದೂ ಇಲ್ಲ. ಹಾಗಾದರೆ ನಿಶ್ಚಿಂತೆಯಿಂದಿರಬಹುದೇ? ಇಲ್ಲ. ಕುಲಾಂತರಿ ಬೆಳೆ ಇಲ್ಲದೆಯೂ, ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದ ಕಡೆ ಕಳೆಗಳು ತಾವೇ ನಿರೋಧಕ ಶಕ್ತಿ ಪಡೆಯುತ್ತವೆ. ಸಾವಿರ ಗಿಡ ಸತ್ತು ಒಂದು ಉಳಿದರೆ, ಮರುವರ್ಷ ಬೀಜ ಕೊಡುವುದು ಅದೊಂದೇ. ಮಲೇಷ್ಯಾದ ಹಣ್ಣಿನ ತೋಟವೊಂದರಲ್ಲಿ ನಮ್ಮ ರಾಗಿಯ ಕಾಡು ಬಂಧುವಾದ ಹುಲ್ಲು ಗ್ಲೈಫೋಸೇಟಿಗೆ ಬಗ್ಗದಿರುವುದು 1997ರಲ್ಲೇ ಕಂಡುಬಂತು. ನಮಗೆಲ್ಲ ಪರಿಚಿತವಾದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಕೊಲಂಬಿಯಾದ ತೋಟಗಳಲ್ಲಿ 2004ರಲ್ಲಿ ಅದೇ ಗುಣ ತೋರಿಸಿತು. ಎರಡೂ ತೋಟದ ಬೆಳೆಗಳ ನಡುವಿನ ಕಳೆಗಳೇ.

ಆದುದರಿಂದ ನಮ್ಮ ಸದಸ್ಯರು ಈ ಮುಂದಿನ ಅಂಶಗಳನ್ನು ರೂಢಿಗೆ ತರಬೇಕೆಂದು ಸೂಚಿಸುತ್ತೇವೆ:

ಔಷಧಿ ಹೊಡೆದ ಮೂರು ನಾಲ್ಕು ವಾರಗಳ ಮೇಲೆ ತೋಟ ಸುತ್ತಿ ನೋಡಿರಿ. ಎಲ್ಲ ಒಣಗಿ ಒಂದೇ ಜಾತಿಯ ಗಿಡ ಅಲ್ಲಲ್ಲಿ ಹಸುರಾಗಿ ನಿಂತಿದ್ದರೆ, ಅದೇ ಔಷಧಿಯನ್ನು ಪ್ರಮಾಣ ಹೆಚ್ಚಿಸಿ ಮತ್ತೆ ಹೊಡೆಯಬೇಡಿ. ಹೂ ಬರುವ ಮೊದಲೇ ಬೇರು ಸಹಿತ ಕಿತ್ತು, ಆ ಜಾಗಕ್ಕೆ ಗುರುತು ಹಾಕಿರಿ.

ಒಂದು ಸಲ ಔಷಧಿಯಾದರೆ ಇನ್ನೊಂದು ಸಲ ಕತ್ತಿ ಅಥವಾ ವೀಡ್ ಕಟ್ಟರ್ ಇರಲಿ. ನೆರಳು ಸರಿಯಿದ್ದು, ಬುಡಕ್ಕೆ ದರಗು ಮುಚ್ಚಿದ್ದರೆ ಬೀಜ ಮೊಳೆಯುವುದೇ ಕಡಿಮೆ. ಅಡಿಕೆ ತೋಟದಲ್ಲಿ ಸೊಪ್ಪು ಹಾಸುವ ಹಿರಿಯರ ಪದ್ಧತಿ ಗೊಬ್ಬರಕ್ಕೆ ಮಾತ್ರವಲ್ಲ, ಕಳೆ ಹತೋಟಿಗೂ ಹೌದು.

ಕೆನಡಾದ ಔಷಧಿ ಪಟ್ಟಿಯನ್ನು ನಮ್ಮ ತೋಟಕ್ಕೆ ತರಬೇಡಿ. 2,4-ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವ ಔಷಧಿ. ಕಾಫಿಯೂ ಅಗಲ ಎಲೆಯದೇ, ಮೆಣಸಿನ ಬಳ್ಳಿಯೂ ಅಗಲ ಎಲೆಯದೇ. ಗಾಳಿಗೆ ತೇಲಿ ಬಂದ ಹನಿಯೂ ಕೆಡುಕು ಮಾಡೀತು. ಗ್ಲೈಫೋಸೇಟ್ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರ ಮೂಲಕ ಮಾತ್ರ ಎಂದು ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದ್ದನ್ನೂ ನೆನಪಿಡಿ. ಯಾವ ಔಷಧಿಯನ್ನೇ ಆಗಲಿ ಕೊಳ್ಳುವ ಮೊದಲು ನಿಮ್ಮ ಬೆಳೆಗೆ ಅದು ಅನುಮತಿಯಾಗಿದೆಯೇ ಎಂದು ಕಾಫಿ ಮಂಡಳಿಯ ಅಥವಾ ಕೃಷಿ, ತೋಟಗಾರಿಕೆ ಇಲಾಖೆಯ ಅಧಿಕಾರಿಗಳಲ್ಲಿ ವಿಚಾರಿಸಿರಿ.

ಗುರುತಿಲ್ಲದ ಬೀಜವನ್ನು, ಅದು ಹೊದಿಕೆ ಬೆಳೆಯದಾಗಲಿ ಗದ್ದೆಯದಾಗಲಿ, ಚೀಲದ ಮೇಲೆ ವಿವರವಿಲ್ಲದೆ ಕೊಳ್ಳಬೇಡಿ. ಹೊರಗಿನಿಂದ ಬಂದ ಗೊಬ್ಬರ, ಮಣ್ಣು, ಯಂತ್ರಗಳ ಜೊತೆ ಹೊಸ ಕಳೆ ಬಂದಿದೆಯೇ ಎಂದು ಇಳಿಸಿದ ಜಾಗದಲ್ಲಿ ಒಂದು ಮಳೆಗಾಲ ಕಣ್ಣಿಡಿ.

ಒಂದು ನೋಟ್ ಪುಸ್ತಕದಲ್ಲಿ ತಾಕಿನ ಹೆಸರು, ಔಷಧಿಯ ಹೆಸರು, ಹೊಡೆದ ದಿನ, ಉಳಿದ ಕಳೆ ಇಷ್ಟನ್ನು ಬರೆದಿಡಿ. ಮೂರು ವರ್ಷದ ಬರಹ ಕೈಲಿದ್ದರೆ ತೊಂದರೆ ಎಲ್ಲಿಂದ ಹೊರಟಿತೆಂದು ತಾನಾಗಿ ತಿಳಿಯುತ್ತದೆ.

ಕೊನೆಯದಾಗಿ, ಇದು ಒಬ್ಬೊಬ್ಬರೇ ಮಾಡಿ ಮುಗಿಸುವ ಕೆಲಸವಲ್ಲ. ಒಬ್ಬನು ಕಿತ್ತು ನೆರೆಯವನು ಬಿಟ್ಟರೆ ಗಾಳಿಯೂ ಹೊಳೆಯೂ ಮರುವರ್ಷ ಬೀಜ ತಂದು ಹಾಕುತ್ತವೆ. ಸಹಕಾರ ಸಂಘವೆಂಬುದು ಸಾಲಕ್ಕೂ ಮಾರಾಟಕ್ಕೂ ಮಾತ್ರವಲ್ಲ, ಇಂಥ ಕೆಲಸಕ್ಕೂ ಬೇಕು. ನಿಮ್ಮ ತೋಟದಲ್ಲಿ ಔಷಧಿಗೆ ಸಾಯದ ಗಿಡ ಕಂಡರೆ ಸಂಘದ ಗಮನಕ್ಕೆ ತನ್ನಿರಿ. ಮೊದಲು ಕಂಡ ಒಂದು ಗಿಡವನ್ನು ಕೀಳಲು ಒಂದು ನಿಮಿಷ ಸಾಕು. ಅದರ ಬೀಜಕ್ಕೆ ಹತ್ತು ವರ್ಷವೂ ಸಾಲದೆ ಹೋದೀತು.

ಮುಂದಿನ ಸಭೆಯ ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ತೋಟದಲ್ಲಿ ಕಳೆದ ಮೂರು ವರ್ಷಗಳಲ್ಲಿ ಯಾವ ಕಳೆನಾಶಕವನ್ನು ಎಷ್ಟು ಸಲ ಬಳಸಿದ್ದೀರಿ?
2. ಔಷಧಿಯ ನಂತರವೂ ಉಳಿಯುತ್ತಿರುವ ಕಳೆ ಯಾವುದು? ಅದು ಹೂ ಬಿಡುವ ತಿಂಗಳು ಯಾವುದು?
3. ಉದುರಿದ ಬೀಜವನ್ನು ಕೂಡಲೇ ಮಣ್ಣಿನಲ್ಲಿ ಹೂಳಬಾರದೇಕೆ?
4. ನಿಮ್ಮ ಬೇಲಿಗೆ ಹೊಂದಿದ ನೆರೆಯವರೊಡನೆ ಸೇರಿ ಒಂದೇ ವಾರದಲ್ಲಿ ಕಳೆ ತೆಗೆಯಲು ಸಾಧ್ಯವೇ? ಅಡ್ಡಿಯೇನು?